ಸೂಟ್ ಉಳಿಸಿದ ಶಕ್ತಿ ಯಾರ ಪಾಲಾಯಿತು? ಒಂದು ಗೋದಾಮಿನ ಪ್ರಕರಣ

ಇದು ಸರಕು ಸಾಗಣೆಯ ಒಂದು ದೊಡ್ಡ ಗೋದಾಮಿನಲ್ಲಿ ನಡೆದದ್ದು. ಮೋಟಾರು ಇರುವ ಎಕ್ಸೋಸ್ಕೆಲಿಟನ್‌ಗಳನ್ನು (ಮೈಮೇಲೆ ತೊಡುವ, ಎತ್ತಲು ನೆರವಾಗುವ ಯಂತ್ರದ ಸೂಟ್) ಅಲ್ಲಿನ ಕೆಲಸಗಾರರಿಗೆ ತೊಡಿಸಿ ಕೆಲವು ತಿಂಗಳು ಪ್ರಯೋಗ ಮಾಡಿದರು. ಸುರಕ್ಷತೆಯ ವಿಷಯದಲ್ಲಿ ಸಲಹೆ ಕೊಡಲು ಹೊರಗಿನಿಂದ ನನ್ನನ್ನು ಕರೆದಿದ್ದರು. ಸಂಸ್ಥೆ, ಊರು, ಯಂತ್ರ ಮಾಡಿದವರು, ಯಾರ ಹೆಸರೂ ಇಲ್ಲಿ ಇರುವುದಿಲ್ಲ. ಗುರುತು ಸಿಗಬಾರದು ಎಂದು ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಯಾವ ಹಂತದಲ್ಲಿ ಯಾವ ತೀರ್ಮಾನ ಆಯಿತು ಅನ್ನುವುದು ಮಾತ್ರ ಇದ್ದ ಹಾಗೇ ಇದೆ.

ಹಿನ್ನೆಲೆ

ಗೋದಾಮಿನಲ್ಲಿ ಎತ್ತುವ ಕೆಲಸ ಎರಡು ಕಡೆ ಇತ್ತು. ಒಂದು, ಕಂಟೈನರ್ ಖಾಲಿ ಮಾಡುವುದು. ನೆಲದಿಂದ ಚಾವಣಿವರೆಗೆ ಒತ್ತೊತ್ತಾಗಿ ತುಂಬಿದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಕನ್ವೇಯರ್ ಮೇಲೆ ಇಡಬೇಕು. ಇನ್ನೊಂದು, ಕನ್ವೇಯರ್‌ನ ಇನ್ನೊಂದು ತುದಿಯಲ್ಲಿ ಅದೇ ಪೆಟ್ಟಿಗೆಗಳನ್ನು ಪ್ಯಾಲೆಟ್ (ಸರಕು ಪೇರಿಸುವ ಅಡಿಹಲಗೆ) ಮೇಲೆ ಜೋಡಿಸುವುದು. ಪೆಟ್ಟಿಗೆಗಳು ಹೆಚ್ಚಾಗಿ 10ರಿಂದ 18 ಕೆಜಿ. ಒಂದನ್ನು ಎತ್ತಿ ಇಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ಶಿಫ್ಟ್ ಪೂರ್ತಿ ಎತ್ತುತ್ತಲೇ ಇದ್ದರೆ ಕಥೆ ಬೇರೆ.

ಸೊಂಟ ಹಿಡಿದುಕೊಂಡಿತು ಎಂದು ರಜೆ ಹಾಕುವವರು ಜಾಸ್ತಿಯಾಗಿದ್ದರು. ಹಳಬರು ಬಿಟ್ಟು ಹೋಗುತ್ತಿದ್ದರು, ಹೊಸಬರು ನಿಲ್ಲುತ್ತಿರಲಿಲ್ಲ. 'ಮೊಣಕಾಲು ಬಗ್ಗಿಸಿ ಎತ್ತಿ, ಬೆನ್ನು ನೆಟ್ಟಗಿರಲಿ' ಎಂಬ ಪೋಸ್ಟರ್ ಗೋಡೆ ಗೋಡೆಗೂ ಇತ್ತು. ಕಂಟೈನರ್ ಒಳಗೆ ಕುಕ್ಕರಿಸಲು ಜಾಗವೇ ಇಲ್ಲದಾಗ ಆ ಪೋಸ್ಟರ್ ಯಾರಿಗಾಗಿ ಅಂಟಿಸಿದ್ದರೋ ಗೊತ್ತಿಲ್ಲ.

ಬೆನ್ನಿಗೆ ಯಾಕೆ ಅಷ್ಟು ಪೆಟ್ಟು ಅನ್ನುವ ಲೆಕ್ಕ ಸರಳ. ಬಗ್ಗಿ 15 ಕೆಜಿಯ ಪೆಟ್ಟಿಗೆ ಹಿಡಿದಾಗ ಅದು ಬೆನ್ನುಮೂಳೆಯಿಂದ ಸುಮಾರು 45 ಸೆಂಟಿಮೀಟರ್ ಮುಂದಿರುತ್ತದೆ. ಅದನ್ನು ಹಿಂದಕ್ಕೆ ಎಳೆದು ಹಿಡಿಯುವ ಬೆನ್ನಿನ ಸ್ನಾಯುಗಳು ಮೂಳೆಯಿಂದ ಇರುವುದು ಬರೀ 5-6 ಸೆಂಟಿಮೀಟರ್ ದೂರದಲ್ಲಿ. ಹಾಗಾಗಿ ಪೆಟ್ಟಿಗೆಯೊಂದನ್ನು ತೂಗಿಸಲಿಕ್ಕೇ ಸ್ನಾಯುಗಳು 110ರಿಂದ 135 ಕೆಜಿ ತೂಕದಷ್ಟು ಜೋರಾಗಿ ಎಳೆಯಬೇಕು. ಮುಂದಕ್ಕೆ ವಾಲಿದ ನಮ್ಮದೇ ಮೈಭಾರ ಇದರ ಮೇಲೆ. ಈ ಎಳೆತವೆಲ್ಲ ಕೆಳಬೆನ್ನಿನ ಡಿಸ್ಕ್‌ಗಳನ್ನು ಹಿಂಡುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಈ ಒತ್ತಡಕ್ಕೆ 3,400 ನ್ಯೂಟನ್ (ಸುಮಾರು 350 ಕೆಜಿ ತೂಕದಷ್ಟು) ಎಂಬ ಗಡಿ ಹಾಕಿದೆ. ಎತ್ತುವ ತೂಕಕ್ಕೆ ಅದರ ಸೂತ್ರದಲ್ಲಿರುವ ಮಿತಿ 23 ಕೆಜಿ. ಅದು ಕೂಡ ಎಲ್ಲವೂ ಅನುಕೂಲವಾಗಿರುವಾಗ. ಪೆಟ್ಟಿಗೆ ದೂರ ಹೋದಷ್ಟೂ, ಕೆಳಗೆ ಇಳಿದಷ್ಟೂ, ಮೈ ತಿರುಚಿದಷ್ಟೂ, ಎತ್ತುವ ಸಲ ಹೆಚ್ಚಿದಷ್ಟೂ ಆ ಮಿತಿ ಇಳಿಯುತ್ತಾ ಹೋಗುತ್ತದೆ. ಈ ಗೋದಾಮಿನಲ್ಲಿ ನಾಲ್ಕೂ ಇದ್ದವು.

ಸೂಟ್ ಬಂದದ್ದು

ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ಒಂದು ಪ್ರದರ್ಶನದಲ್ಲಿ ಈ ಸೂಟ್ ತೊಟ್ಟು ನೋಡಿದ್ದರು. ಹೂವಿನ ಹಾಗೆ ಎತ್ತಿದೆ ಎಂದು ಬೆರಗಾಗಿ ಬಂದಿದ್ದರು. ಮೊದಲ ಸಭೆಯಲ್ಲಿ ಅವರು ಕೇಳಿದ ಪ್ರಶ್ನೆ ನನಗೆ ಚೆನ್ನಾಗಿ ನೆನಪಿದೆ: "ಇದನ್ನು ಹಾಕಿಕೊಂಡರೆ ಒಬ್ಬರು ಇಬ್ಬರ ಕೆಲಸ ಮಾಡಬಹುದಾ?" ಮುಂದೆ ಆದದ್ದರ ಬೀಜ ಈ ಪ್ರಶ್ನೆಯಲ್ಲೇ ಇತ್ತು.

ಮನುಷ್ಯನಿಗೆ ಯಂತ್ರದ ಬಲ ತೊಡಿಸುವ ಆಸೆ ಹಳೆಯದು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ 'ಹಾರ್ಡಿಮ್ಯಾನ್' ಎಂಬ ಸೂಟ್ ಕಟ್ಟಲು ಹೊರಟಿತ್ತು. 680 ಕೆಜಿ ಎತ್ತಬೇಕು ಅನ್ನುವುದು ಗುರಿ. ಸೂಟಿನ ತೂಕವೂ ಹೆಚ್ಚುಕಡಿಮೆ ಅಷ್ಟೇ ಆಯಿತು. ಕೊನೆಗೆ ಒಂದು ತೋಳು ಮಾತ್ರ ಹೇಳಿದ ಮಾತು ಕೇಳಿತು. ಇಡೀ ಸೂಟ್ ಚಾಲೂ ಮಾಡಿದರೆ ಹುಚ್ಚೆದ್ದ ಹಾಗೆ ಕುಲುಕಾಡುತ್ತಿತ್ತು. ಒಳಗೆ ಮನುಷ್ಯನನ್ನು ನಿಲ್ಲಿಸಿ ಅದನ್ನು ಪೂರ್ತಿಯಾಗಿ ಓಡಿಸುವ ಧೈರ್ಯ ಯಾರೂ ಮಾಡಲಿಲ್ಲ. ಅಮೆರಿಕದ ಸೇನೆ 2013ರಲ್ಲಿ 'ಟ್ಯಾಲೋಸ್' ಎಂಬ ರಕ್ಷಾಕವಚದ ಯೋಜನೆ ಶುರು ಮಾಡಿ 2019ರಲ್ಲಿ ಕೈಬಿಟ್ಟಿತು. ಅದರ ಬಿಡಿಭಾಗಗಳಿಂದ ಉಪಯೋಗವಾಯಿತು, ಸೂಟ್ ಮಾತ್ರ ಆಗಲಿಲ್ಲ.

ಈ ಕಥೆಗಳನ್ನು ಸಭೆಯಲ್ಲಿ ಹೇಳಿದ್ದಕ್ಕೆ ಕಾರಣ ಇತ್ತು. ಈ ಯಂತ್ರಗಳಲ್ಲಿ ಎರಡು ಜಾತಿ. ಒಂದು, ತಲೆಯಿಂದ ಪಾದದವರೆಗೆ ಇರುವಂಥದ್ದು. ಅದು ಹೊರೆಯನ್ನು ತನ್ನದೇ ಕಾಲುಗಳ ಮೂಲಕ ನೆಲಕ್ಕೆ ಇಳಿಸುತ್ತದೆ. ಭಾರ ಜಾಸ್ತಿ, ಬೆಲೆ ಜಾಸ್ತಿ, ಬ್ಯಾಟರಿಯ ಹಸಿವೂ ಜಾಸ್ತಿ. ಇನ್ನೊಂದು, ಸೊಂಟದ ಹತ್ತಿರ ಮೋಟಾರು ಇಟ್ಟು, ಬಗ್ಗಿದವರನ್ನು ಏಳಿಸಲು ಸಹಾಯ ಮಾಡುವಂಥದ್ದು. ಗೋದಾಮಿಗೆ ಬಂದದ್ದು ಇದೇ. ಇದು ಎದೆಯನ್ನು ಹಿಂದಕ್ಕೆ ಎಳೆಯುತ್ತದೆ. ಹಾಗೆ ಎಳೆಯಬೇಕಾದರೆ ಎಲ್ಲಾದರೂ ಒತ್ತಿಕೊಳ್ಳಬೇಕಲ್ವಾ, ಅದಕ್ಕೆ ತೊಡೆಗಳನ್ನು ಒತ್ತುತ್ತದೆ. ಪೆಟ್ಟಿಗೆಯ ತೂಕ ಎಲ್ಲಿಗೂ ಹೋಗುವುದಿಲ್ಲ. ಕೈ, ಭುಜ, ಮೊಣಕಾಲು, ಪಾದ ಅದನ್ನು ಮೊದಲಿನಂತೆ ಪೂರ್ತಿ ಹೊರುತ್ತವೆ. ಅದರ ಮೇಲೆ ಯಂತ್ರದ ಭಾರ. ಬಿಡುವು ಸಿಗುವುದು ಬೆನ್ನಿನ ಸ್ನಾಯುಗಳಿಗೆ, ಅದೂ ಒಂದು ಪಾಲು ಮಾತ್ರ. '30 ಕೆಜಿಯವರೆಗೆ ಸಹಾಯ' ಎಂದು ಕರಪತ್ರದಲ್ಲಿ ಇದ್ದದ್ದನ್ನು ಹಲವರು '30 ಕೆಜಿ ಮಾಯ' ಎಂದು ಓದಿಕೊಂಡಿದ್ದರು.

ಮೊದಲ ವಾರಗಳು

ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಒಪ್ಪಿಕೊಂಡವರಿಗೆ ಮಾತ್ರ ತೊಡಿಸಿದೆವು. ಮೊದಲ ದಿನ ಸ್ವಲ್ಪ ಹೊತ್ತು, ಆಮೇಲೆ ದಿನದಿನಕ್ಕೆ ಸಮಯ ಹೆಚ್ಚಿಸಿದೆವು. ಕೆಲವರ ಬೆನ್ನಿಗೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುಗಳ ಕೆಲಸ ಅಳೆದಾಗ ಸುಮಾರು ಐದನೇ ಒಂದು ಪಾಲು ಕಡಿಮೆಯಾಗಿತ್ತು. ಸ್ಪ್ರಿಂಗ್ ಮಾತ್ರ ಇರುವ, ಮೋಟಾರಿಲ್ಲದ ಸೂಟ್‌ಗಳ ಮೇಲಿನ ಅಧ್ಯಯನಗಳನ್ನು 2016ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ 10ರಿಂದ 40 ಶೇಕಡಾ ಇಳಿಕೆ ಕಂಡಿತ್ತು. ಅವು ಹೆಚ್ಚಾಗಿ ಪ್ರಯೋಗಾಲಯದ ಅಳತೆಗಳು. ಗೋದಾಮಿನ ಗದ್ದಲದಲ್ಲಿ ಐದನೇ ಒಂದು ಪಾಲು ಸಿಕ್ಕಿದ್ದು ಕಡಿಮೆಯೇನಲ್ಲ. ಕಂಟೈನರ್ ತಂಡದ ಹಿರಿಯರೊಬ್ಬರು "ಸರ್, ರಾತ್ರಿ ಮಗ್ಗುಲು ಬದಲಿಸೋವಾಗ ನೋವಿಲ್ಲ" ಎಂದರು. ಎಲೆಕ್ಟ್ರೋಡ್ ಕೊಟ್ಟ ಅಂಕಿಗಿಂತ ಈ ಮಾತನ್ನು ನಾನು ಹೆಚ್ಚು ನಂಬಿದೆ.

ಮುಜುಗರ ಕೊಡುವ ಸಂಗತಿಗಳೂ ಬೇಗ ಶುರುವಾದವು. ಸೂಟಿನ ತೂಕ ಸುಮಾರು 7 ಕೆಜಿ. ಎತ್ತುವಾಗ ಅದು ಗೊತ್ತಾಗುವುದಿಲ್ಲ, ನಡೆಯುವಾಗ ಗೊತ್ತಾಗುತ್ತದೆ. ಪ್ಯಾಲೆಟ್ ತಂಡದವರು ಎತ್ತುವುದಕ್ಕಿಂತ ಓಡಾಡುವುದೇ ಹೆಚ್ಚು. ಅವರಿಗೆ ಇದು ಲಾಭಕ್ಕಿಂತ ಹೊರೆಯಾಯಿತು. ತೊಡೆಯ ಪಟ್ಟಿ ಒಂದೇ ಜಾಗದಲ್ಲಿ ಒತ್ತಿ ಚರ್ಮ ಕೆಂಪಾಗುತ್ತಿತ್ತು. ಸೊಂಟದ ಕೀಲು ಬಾಗಿಲಿನ ತಿರುಗಣಿಯಂತೆ ಒಂದೇ ಅಕ್ಷದಲ್ಲಿ ತಿರುಗುವುದಿಲ್ಲ, ಯಂತ್ರದ ಕೀಲು ತಿರುಗುತ್ತದೆ. ಎರಡರ ನಡುವಿನ ಆ ವ್ಯತ್ಯಾಸದಿಂದ ಪಟ್ಟಿ ಪ್ರತಿ ಸಲ ಒಂದಿಷ್ಟು ಜಾರಿ ಚರ್ಮವನ್ನು ಉಜ್ಜುತ್ತದೆ.

ಹೆಂಗಸರ ತೊಂದರೆ ಬೇರೆಯೇ ಇತ್ತು. ಎದೆಯ ಪ್ಯಾಡ್ ಅವರ ಮೈಗೆ ಹೊಂದುವಂತೆ ಮಾಡಿದ್ದೇ ಅಲ್ಲ. ಪಟ್ಟಿ ಎಷ್ಟು ಬಿಗಿ ಮಾಡಿದರೂ ಸರಿ ಕೂರಲಿಲ್ಲ. ಇಬ್ಬರು ಎರಡನೇ ವಾರದಲ್ಲೇ ತೆಗೆದಿಟ್ಟರು. ಸೂಪರ್‌ವೈಸರ್ ವರದಿಯಲ್ಲಿ 'ಆಸಕ್ತಿ ಇಲ್ಲ' ಎಂದು ಬರೆದಿದ್ದರು. ಅದನ್ನು ಹೊಡೆದು 'ಅಳತೆ ಇಲ್ಲ' ಎಂದು ತಿದ್ದಿಸಿದೆವು. ಕಾಗದದ ಮೇಲೆ ಇದು ಚಿಕ್ಕ ತಿದ್ದುಪಡಿ. ಮುಂದೆ ಯಂತ್ರ ಮಾಡಿದವರ ಜೊತೆ ಮಾತಾಡುವಾಗ ತುಂಬಾ ಉಪಯೋಗಕ್ಕೆ ಬಂತು.

ಟಾರ್ಗೆಟ್ ಏರಿತು

ದೊಡ್ಡ ತಿರುವು ಯಂತ್ರದಿಂದ ಬರಲಿಲ್ಲ. ನೋಟಿಸ್ ಬೋರ್ಡಿನಿಂದ ಬಂತು.

ಸೂಟ್ ತೊಟ್ಟವರು ಮೊದಲಿಗಿಂತ ಚುರುಕಾಗಿದ್ದಾರೆ ಎಂದು ಉತ್ಪಾದನಾ ವಿಭಾಗ ಗಮನಿಸಿತು. ಗಮನಿಸಲು ಕಷ್ಟವೇನೂ ಇರಲಿಲ್ಲ. ಯಾರು ಎಷ್ಟು ಸಲ ಬಗ್ಗಿದರು, ಎಷ್ಟು ಸಲ ಎತ್ತಿದರು ಎಂದು ಸೂಟ್ ತಾನೇ ಎಣಿಸಿ ಕಚೇರಿಯ ಪರದೆಗೆ ಕಳಿಸುತ್ತಿತ್ತು, ಹೆಸರಿನ ಸಮೇತ. ಒಂದು ಸೋಮವಾರ ಕಂಟೈನರ್ ತಂಡದ ಟಾರ್ಗೆಟ್ ನಾಲ್ಕನೇ ಒಂದು ಪಾಲು ಏರಿತು. ನಮ್ಮನ್ನು ಯಾರೂ ಕೇಳಲಿಲ್ಲ. ಕೇಳಬೇಕು ಅಂತ ಅವರಿಗೆ ಅನಿಸಿಯೂ ಇರಲಿಕ್ಕಿಲ್ಲ. ಹೊಸ ಯಂತ್ರ ಬಂದರೆ ಟಾರ್ಗೆಟ್ ಏರಿಸುವುದು ಅವರ ವಾಡಿಕೆ.

ಈಗ ಲೆಕ್ಕ ನೋಡಿ. ಒಂದು ಪೆಟ್ಟಿಗೆಗೆ ಬೆನ್ನಿನ ಶ್ರಮ ಮೊದಲು 100 ಇತ್ತು ಅಂದುಕೊಳ್ಳಿ. ಈಗ 80. ಮೊದಲು 100 ಪೆಟ್ಟಿಗೆ ಎತ್ತುತ್ತಿದ್ದರು, ಈಗ 125. 125ನ್ನು 80ರಿಂದ ಗುಣಿಸಿದರೆ ಬರುವುದು 10,000. 100ನ್ನು 100ರಿಂದ ಗುಣಿಸಿದರೂ ಅಷ್ಟೇ. ಸೂಟ್ ಉಳಿಸಿಕೊಟ್ಟದ್ದೆಲ್ಲ ಟಾರ್ಗೆಟ್ ಪಾಲಾಯಿತು, ಬೆನ್ನಿಗೆ ಬಂದದ್ದು ಸೊನ್ನೆ. ಭುಜ, ಮುಂಗೈ, ಮೊಣಕಾಲಿನ ಗತಿ ಇನ್ನೂ ಕೆಟ್ಟದ್ದು. ಅವಕ್ಕೆ ಸಹಾಯವೇ ಇರಲಿಲ್ಲ, ಕೆಲಸ ಮಾತ್ರ ನಾಲ್ಕನೇ ಒಂದು ಪಾಲು ಜಾಸ್ತಿಯಾಯಿತು. ಮೂರನೇ ವಾರದ ಹೊತ್ತಿಗೆ ಮುಂಗೈ ನೋವಿನ ದೂರುಗಳು ಶುರುವಾದವು. ಬೆನ್ನುನೋವಿನ ದೂರು ಕಡಿಮೆಯಾಗಿದ್ದರಿಂದ ಕಚೇರಿಯ ವರದಿಯಲ್ಲಿ ಪ್ರಯೋಗ ಯಶಸ್ವಿ ಎಂದೇ ಇತ್ತು. ಮುಂಗೈಗೆ ಅಂತ ಅದರಲ್ಲಿ ಕಾಲಂ ಇರಲಿಲ್ಲ.

ಈ ಗುಣಾಕಾರವನ್ನು ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಉತ್ಪಾದನಾ ವಿಭಾಗದವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: "ಹಾಗಾದರೆ ಇಷ್ಟು ದುಡ್ಡು ಕೊಟ್ಟು ನಮಗೆ ಸಿಕ್ಕಿದ್ದೇನು?" ರಜೆ ಕಡಿಮೆಯಾಗುವುದು, ಜನ ಕೆಲಸದಲ್ಲಿ ಉಳಿಯುವುದು ಲಾಭವೇ. ಆದರೆ ಅದು ತಡವಾಗಿ, ಚೂರುಚೂರಾಗಿ ಬರುತ್ತದೆ. ಪೆಟ್ಟಿಗೆಯ ಎಣಿಕೆ ಅದೇ ದಿನ ಸಂಜೆ ಪರದೆಯ ಮೇಲೆ ಕಾಣುತ್ತದೆ. ಇವೆರಡರ ನಡುವಿನ ಜಗ್ಗಾಟ ಆ ದಿನ ಮುಗಿಯಲಿಲ್ಲ. ಟಾರ್ಗೆಟ್ ಏರಿಸಿದ್ದರಲ್ಲಿ ಅರ್ಧ ಇಳಿಸುತ್ತೇವೆ ಎಂದರು. ಅರ್ಧ ಇಳಿಸಿದರೂ ಮುಂಗೈಗಳ ಲೆಕ್ಕ ಸರಿಹೋಗುತ್ತಿರಲಿಲ್ಲ.

ಜಾರಿದ ದಿನ

ಪೆಟ್ಟಿಗೆಗಳನ್ನು ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯ ಒಂದು ತುಂಡು ಕಂಟೈನರ್ ಬಾಗಿಲ ಬಳಿ ಬಿದ್ದಿತ್ತು. ಸೂಟ್ ತೊಟ್ಟ ಕೆಲಸಗಾರನೊಬ್ಬ ಅದರ ಮೇಲೆ ಕಾಲಿಟ್ಟ. ಹಿಮ್ಮಡಿ ಜಾರಿತು. ಜಾರಿದವರು ತಟ್ಟನೆ ಮೈ ಕುಗ್ಗಿಸಿ ತಗ್ಗುತ್ತಾರೆ, ಒಂದು ಕಾಲು ಹಿಂದಕ್ಕೆ ಇಡುತ್ತಾರೆ. ಯೋಚಿಸಿ ಮಾಡುವುದಲ್ಲ, ದೇಹ ತಾನಾಗಿ ಮಾಡುವುದು. ಆತನೂ ಹಾಗೇ ತಗ್ಗಿದ. ಸೊಂಟ ಮಡಿಚಿ ಮತ್ತೆ ಬಿಚ್ಚಲು ಶುರುವಾದದ್ದನ್ನು ಸೂಟ್ 'ಪೆಟ್ಟಿಗೆ ಎತ್ತುತ್ತಿದ್ದಾನೆ' ಎಂದು ತಿಳಿಯಿತು. ಮೋಟಾರು ಎದೆಯನ್ನು ಹಿಂದಕ್ಕೆ ಎಳೆಯಿತು. ತೂಕ ಮುಂದಕ್ಕೆ ಬರಬೇಕಾದ ಕ್ಷಣದಲ್ಲಿ ಹಿಂದಕ್ಕೆ ಹೋಯಿತು. ಆತ ಹಿಂದಕ್ಕೆ ಬಿದ್ದ. ಮೊಣಕೈ ಪ್ಯಾಲೆಟ್‌ನ ಅಂಚಿಗೆ ಬಡಿಯಿತು. ಮೂಳೆ ಮುರಿಯಲಿಲ್ಲ.

ಯಂತ್ರ ಕೆಟ್ಟಿರಲಿಲ್ಲ ಅನ್ನುವುದೇ ಇಲ್ಲಿ ಮುಖ್ಯ. ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ಇತ್ತು. ಅದಕ್ಕೆ ಗೊತ್ತಿದ್ದದ್ದು ಕೀಲಿನ ಕೋನ ಮತ್ತು ಮೈಯ ಓಲಾಟ ಮಾತ್ರ. ಅದರಿಂದ ಮನುಷ್ಯನ ಉದ್ದೇಶವನ್ನು ಊಹಿಸಬೇಕು. ಜಪಾನಿನ ಸೈಬರ್‌ಡೈನ್ ಕಂಪನಿಯ 'ಹ್ಯಾಲ್' ಸೂಟ್ ಚರ್ಮದ ಮೇಲೆ ಸಿಗುವ ಸಣ್ಣ ವಿದ್ಯುತ್ ಸಂಕೇತಗಳನ್ನು ಓದಿ, ಚಲನೆ ಶುರುವಾಗುವ ಮೊದಲೇ ಉದ್ದೇಶ ಹಿಡಿಯಲು ನೋಡುತ್ತದೆ. ಅದಕ್ಕೆ ಎಲೆಕ್ಟ್ರೋಡ್ ಸರಿಯಾಗಿ ಅಂಟಿರಬೇಕು. ಬೆವರು ಸುರಿಸಿ ಶಿಫ್ಟ್ ಪೂರ್ತಿ ಕೆಲಸ ಮಾಡುವ ಕಡೆ ಅದು ಸುಲಭವಲ್ಲ. ಬಲ ಕಡಿಮೆ ಇರುವ ಯಂತ್ರ ತಪ್ಪು ಊಹಿಸಿದರೆ ಕಿರಿಕಿರಿ, ಅಷ್ಟೇ. ಬಲ ಜಾಸ್ತಿ ಇದ್ದರೆ ಅದೇ ತಪ್ಪು ನೆಲಕ್ಕೆ ಕೆಡವುತ್ತದೆ. ಹೊಸ ಮಾದರಿಗಳಲ್ಲಿ ಬಲ ಹೆಚ್ಚಿದೆ ಎಂದು ಯಾರಾದರೂ ಹೊಗಳಿದಾಗಲೆಲ್ಲ ನನಗೆ ಮೊದಲು ಹೊಳೆಯುವುದು ಇದೇ.

ಪೆಟ್ಟು ಚಿಕ್ಕದು, ಪ್ರಯೋಗ ಮುಂದುವರಿಸೋಣ ಎಂದು ಒಂದು ಗುಂಪು ಹೇಳಿತು. ನಿಲ್ಲಿಸಬೇಕು ಅಂದವರು ಸುರಕ್ಷತಾ ಸಮಿತಿಯಲ್ಲಿದ್ದ ಕೆಲಸಗಾರರ ಪ್ರತಿನಿಧಿ. ಅವರು ವಾದ ಮಾಡಲಿಲ್ಲ. ಬಿದ್ದವನು ಫೋರ್ಕ್‌ಲಿಫ್ಟ್ ಓಡಾಡುವ ದಾರಿಯಿಂದ ಎಷ್ಟು ಹೆಜ್ಜೆ ದೂರದಲ್ಲಿದ್ದ ಎಂದು ನಡೆದು ತೋರಿಸಿದರು. ಎರಡೇ ಹೆಜ್ಜೆ. ಪ್ರಯೋಗ ಆ ದಿನವೇ ನಿಂತಿತು.

ನಿಲ್ಲಿಸಿ ನೋಡಿದಾಗ

ನಿಂತದ್ದರಿಂದ ಒಳ್ಳೆಯದೇ ಆಯಿತು. ಓಡುತ್ತಿರುವಾಗ ಕೇಳದ ಪ್ರಶ್ನೆಗಳನ್ನು ಈಗ ಕೇಳಲು ಪುರುಸೊತ್ತು ಸಿಕ್ಕಿತು.

ಬೆಂಕಿಯ ಅಣಕು ಕವಾಯತು ಮಾಡಿಸಿದೆವು. ಗಂಟೆ ಬಾರಿಸಿದ ಮೇಲೆ ಸೂಟ್ ಬಿಚ್ಚಿ ಹೊರಗೆ ಬರಬೇಕು. ಕೈಗವಸು ಹಾಕಿದ ಕೈಗೆ ಬಕಲ್ ಸಿಗಲಿಲ್ಲ. ಒಬ್ಬರು ಮೊದಲು ತೊಡೆಯ ಪಟ್ಟಿ ಬಿಚ್ಚಿದರು. ಮೇಲಿನ ಭಾಗ ಹಿಂದಕ್ಕೆ ಜೋತುಬಿದ್ದು ತಿರುಗಲಿಕ್ಕೇ ಆಗಲಿಲ್ಲ. ಉಳಿದವರು ಬಿಚ್ಚುವ ಗೋಜಿಗೇ ಹೋಗದೆ ಸೂಟ್ ಸಮೇತ ಕಿರಿದಾದ ಬಾಗಿಲಲ್ಲಿ ನುಗ್ಗಿದರು, ಅಲ್ಲಿ ಸಿಕ್ಕಿಕೊಂಡರು. ಬ್ಯಾಟರಿಗಳನ್ನು ಚಾರ್ಜ್ ಮಾಡುತ್ತಿದ್ದ ಮೂಲೆ ಖಾಲಿ ರಟ್ಟಿನ ರಾಶಿಯ ಪಕ್ಕದಲ್ಲಿ ಇದ್ದದ್ದೂ ಅವತ್ತೇ ಕಣ್ಣಿಗೆ ಬಿತ್ತು. ಲಿಥಿಯಂ ಬ್ಯಾಟರಿ, ರಟ್ಟು. ಯಾರಿಗೂ ಹೊಳೆದಿರಲಿಲ್ಲ, ಪ್ಲಗ್ ಅಲ್ಲಿತ್ತು ಅಷ್ಟೇ.

ಆಮೇಲೆ ಕೆಲಸವನ್ನೇ ನೋಡಿದೆವು. ಪ್ಯಾಲೆಟ್ ಜೋಡಿಸುವ ಕಡೆ ಸೂಟ್ ಬೇಕಾಗಿಯೇ ಇರಲಿಲ್ಲ. ಪ್ಯಾಲೆಟ್‌ನ ಎತ್ತರವನ್ನು ಏರಿಸಿ ಇಳಿಸುವ ಮೇಜು ಹಾಕಿದರೆ ಬಗ್ಗುವುದೇ ತಪ್ಪುತ್ತದೆ. ಈ ಮೇಜುಗಳು ಹೊಸ ಆವಿಷ್ಕಾರವಲ್ಲ. ಅವುಗಳ ಫೋಟೋ ತೆಗೆದು ಯಾರೂ ಹಂಚಿಕೊಳ್ಳುವುದಿಲ್ಲ. ಬಗ್ಗುವವರಿಗೆ ಬಲ ಕೊಡುವ ಮೊದಲು ಬಗ್ಗುವುದನ್ನೇ ತಪ್ಪಿಸಲು ಆಗುತ್ತದಾ ಎಂದು ಕೇಳಿದ್ದರೆ ಅರ್ಧದಷ್ಟು ಸೂಟ್‌ಗಳನ್ನು ತರಿಸಬೇಕಾಗಿಯೇ ಇರಲಿಲ್ಲ. ಕಂಟೈನರ್ ಒಳಗೆ ಮಾತ್ರ ಮೇಜಿಗೆ ಜಾಗವಿಲ್ಲ, ಪೆಟ್ಟಿಗೆಗಳ ಅಳತೆಯೂ ಒಂದೇ ಸಮ ಇಲ್ಲ. ಅಲ್ಲಿ ಸೂಟ್‌ಗೆ ನಿಜವಾದ ಕೆಲಸ ಇತ್ತು.

ಇದೇ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಡಿಸ್ಕ್ ಶಸ್ತ್ರಚಿಕಿತ್ಸೆ ಆಗಿ ರಜೆಯಲ್ಲಿದ್ದ ಒಬ್ಬರನ್ನು 'ಸೂಟ್ ಇದೆಯಲ್ಲ, ಬಂದು ಎತ್ತಲಿ' ಎಂದು ಕರೆಸಲು ಹೊರಟಿದ್ದರು. ಕೇಳಲು ದಯೆಯ ಮಾತಿನಂತೆಯೇ ಇತ್ತು. ನಡೆಯಲಾರದವರನ್ನು ನಡೆಸುವ ಎಕ್ಸೋಸ್ಕೆಲಿಟನ್‌ಗಳ ಸುದ್ದಿ ಓದಿದವರಿಗೆ ಹಾಗೆ ಅನಿಸುವುದು ಸಹಜ. ಕಾಲಿನ ಸ್ವಾಧೀನ ಕಳೆದುಕೊಂಡವರು ಮನೆಯಲ್ಲೂ ಬಳಸಬಹುದಾದ 'ರೀವಾಕ್' ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತ್ತು. ಆದರೆ ಅಲ್ಲಿನ ಲೆಕ್ಕಾಚಾರವೇ ಬೇರೆ. ನಿಂತರೆ ಅದೇ ಗೆಲುವು, ಗಂಟೆಗೆ ಎಷ್ಟು ಹೆಜ್ಜೆ ಎಂಬ ಟಾರ್ಗೆಟ್ ಇಲ್ಲ. ಅಲ್ಲಿಯೂ ಕಾಲಿನ ಮೂಳೆ ತೆಳುವಾಗಿದ್ದರೆ ಮುರಿಯುವ ಅಪಾಯ ಇರುವುದರಿಂದ ಮೂಳೆಯ ಗಟ್ಟಿತನ ನೋಡಿಯೇ ತೊಡಿಸುತ್ತಾರೆ. ಗೋದಾಮಿನ ಸೂಟ್ ಚಿಕಿತ್ಸೆಯ ಸಾಧನ ಅಲ್ಲ. ವೈದ್ಯರು ಒಪ್ಪಲಿಲ್ಲ. ಆ ವ್ಯಕ್ತಿಗೆ ಎತ್ತುವ ಕೆಲಸ ಇಲ್ಲದ ಜಾಗ ಕೊಟ್ಟರು.

ಏನಾಯಿತು

ಪ್ರಯೋಗ ಮತ್ತೆ ಶುರುವಾಯಿತು, ಕಂಟೈನರ್ ತಂಡಕ್ಕೆ ಮಾತ್ರ. ಷರತ್ತುಗಳನ್ನು ಬರೆದು ಸಹಿ ಹಾಕಿಸಿಕೊಂಡೆವು. ಬಾಯಿಮಾತಿನ ಭರವಸೆ ಎಷ್ಟು ದಿನ ಇರುತ್ತದೆ ಎಂದು ಎಲ್ಲರೂ ನೋಡಿದ್ದರಲ್ಲ.

ಮೊದಲನೆಯ ಷರತ್ತಿಗೇ ಹೆಚ್ಚು ಹೊಡೆದಾಟ ಆದದ್ದು: ಸೂಟ್ ಕಾರಣಕ್ಕೆ ಟಾರ್ಗೆಟ್ ಏರಿಸುವಂತಿಲ್ಲ. ಉತ್ಪಾದನಾ ವಿಭಾಗ ಕೊನೆಗೂ ಒಪ್ಪಿದ್ದು ನಮ್ಮ ಗುಣಾಕಾರ ನೋಡಿ ಅಲ್ಲ. ಬಿಟ್ಟು ಹೋದವರ ಜಾಗಕ್ಕೆ ಹೊಸಬರನ್ನು ತಂದು ಕಲಿಸಲು ಆಗುವ ಖರ್ಚನ್ನು ಅವರದೇ ಲೆಕ್ಕಿಗರು ಮುಂದಿಟ್ಟಾಗ ಒಪ್ಪಿದರು. ಎರಡನೆಯದು, ಸೂಟ್ ಎಣಿಸುವ ಸಂಖ್ಯೆ ಹೆಸರಿನ ಜೊತೆ ಕಚೇರಿಗೆ ಹೋಗಬಾರದು, ಇಡೀ ತಂಡದ ಮೊತ್ತ ಮಾತ್ರ ಹೋಗಬೇಕು. ಬೇಡ ಅಂದವರಿಗೆ ತೊಡಿಸುವಂತಿಲ್ಲ, ಬೇಡ ಅಂದದ್ದನ್ನು ಅವರ ವಿರುದ್ಧ ಬರೆಯುವಂತಿಲ್ಲ. ಪಟ್ಟಿ ಬಿಚ್ಚುವುದನ್ನು ಕಣ್ಣು ಮುಚ್ಚಿ, ಕೈಗವಸು ಹಾಕಿ ಅಭ್ಯಾಸ ಮಾಡಿದವರಿಗೆ ಮಾತ್ರ ಸೂಟ್. ಬಾಗಿಲ ಬಳಿ ನೆಲ ಸ್ವಚ್ಛ ಮಾಡುವುದನ್ನು ಒಬ್ಬರ ಹೆಸರಿಗೇ ಬರೆದರು. ಮೊದಲು ಅದು ಎಲ್ಲರ ಕೆಲಸವಾಗಿತ್ತು, ಹಾಗಾಗಿ ಯಾರೂ ಮಾಡುತ್ತಿರಲಿಲ್ಲ.

ಯಂತ್ರ ಮಾಡಿದವರು ಸಾಫ್ಟ್‌ವೇರ್ ಬದಲಿಸಿಕೊಟ್ಟರು. ಸೊಂಟ ತೀರಾ ವೇಗವಾಗಿ ಮಡಿಚಿಕೊಂಡರೆ ಮೋಟಾರು ಈಗ ಸಡಿಲವಾಗಿ ಸುಮ್ನಿರುತ್ತದೆ. ಇದರಿಂದ ಚುರುಕಾಗಿ ಎತ್ತುವವರಿಗೆ ಕೆಲವು ಸಲ ಸಹಾಯವೇ ಸಿಗುವುದಿಲ್ಲ. ಆ ತಂಡದ ಕಿರಿಯರು ಇದಕ್ಕೆ ಮೂಗು ಮುರಿಯುತ್ತಾರೆ, ಹಿರಿಯರಿಗೆ ಇದೇ ಇಷ್ಟ.

ಮುಂಗೈ ನೋವಿನ ದೂರು ಇಳಿಯಿತು. ಬೆನ್ನಿನ ವಿಷಯದಲ್ಲಿ ದೊಡ್ಡ ಮಾತು ಆಡಲಾರೆ. ತಂಡ ಚಿಕ್ಕದು, ಅವಧಿ ಚಿಕ್ಕದು. ಸ್ನಾಯುವಿನ ಶ್ರಮ ಇಳಿಯಿತು ಅಂದ ಮಾತ್ರಕ್ಕೆ ವರ್ಷಗಳ ನಂತರ ಬೆನ್ನು ಚೆನ್ನಾಗಿರುತ್ತದೆ ಎಂದು ಇಂಥ ಒಂದು ಪ್ರಯೋಗದಿಂದ ಹೇಳಲು ಬರುವುದಿಲ್ಲ. ಆರೇಳು ಮಂದಿ ಇಂದಿಗೂ ತಾವಾಗಿಯೇ ತೊಡುತ್ತಾರೆ. ತೊಟ್ಟವರು ಶಿಫ್ಟ್ ಪೂರ್ತಿ ತೊಡುವುದಿಲ್ಲ. ಕಂಟೈನರ್‌ನ ಕೆಳಗಿನ ಸಾಲುಗಳು ಬಂದಾಗ ಹಾಕಿಕೊಳ್ಳುತ್ತಾರೆ, ಮೇಲಿನ ಸಾಲು ತೆಗೆಯುವಾಗ ಕಳಚಿಡುತ್ತಾರೆ. ಇದನ್ನು ಅವರಿಗೆ ಯಾರೂ ಕಲಿಸಲಿಲ್ಲ. ಎದೆಯ ಮಟ್ಟಕ್ಕಿಂತ ಮೇಲಿನ ಪೆಟ್ಟಿಗೆಗೆ ಬೆನ್ನಿನ ಸೂಟ್‌ನಿಂದ ಏನೂ ಪ್ರಯೋಜನ ಇಲ್ಲ ಎಂದು ಅವರೇ ಕಂಡುಕೊಂಡರು. ಬಳಕೆಯ ಕೈಪಿಡಿಯಲ್ಲಿ ಈ ಸಾಲು ಈಗ ಸೇರಿದೆ.

ಪ್ಯಾಲೆಟ್ ವಿಭಾಗಕ್ಕೆ ಏರಿಳಿಯುವ ಮೇಜುಗಳು ಬಂದವು. ಹೆಂಗಸರ ಅಳತೆಯ ಎದೆಪ್ಯಾಡ್ ಮಾಡಿಕೊಡುತ್ತೇವೆ ಎಂದು ತಯಾರಕರು ಬರೆದುಕೊಟ್ಟಿದ್ದಾರೆ. ಅದು ಬರುವವರೆಗೆ ಮುಂದಿನ ಕಂತಿನ ಹಣ ಬಿಡುಗಡೆ ಮಾಡುವುದಿಲ್ಲ ಎಂದು ಸಂಸ್ಥೆಯೂ ಬರೆದುಕೊಟ್ಟಿದೆ.